ಸೈರನ್ ಕೂಗುವ ಮೊದಲಿನ ಕೆಲಸ

ಬಳ್ಳಾರಿ ಜಿಲ್ಲೆಯ ತೋರಣಗಲ್ಲು, ಕೊಪ್ಪಳದ ಗಿಣಿಗೇರಾ ಭಾಗದಲ್ಲಿ ಕಬ್ಬಿಣದ ಕುಲುಮೆಗಳ ಬಳಿ ದುಡಿಯುವವರ ಅಪಾಯ ಕಣ್ಣಿಗೆ ಕಾಣುವ ಬೆಂಕಿಯೊಂದೇ ಅಲ್ಲ. ಕುಲುಮೆಯ ಅನಿಲದಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ತಲೆನೋವು, ತಲೆಸುತ್ತು ಎಂದು ಕಾರ್ಮಿಕ ಮೊದಲು ಬರುವುದು ಕಾರ್ಖಾನೆಯ ನರ್ಸ್ ಬಳಿಗೆ. ಒಂದೇ ಪಾಳಿಯ, ಒಂದೇ ಜಾಗದ ಮೂವರು ಇದೇ ದೂರು ತಂದರೆ ಅದು ಬಿಸಿಲಿನ ಬಳಲಿಕೆಯಾಗಿರದೆ ಸೋರಿಕೆಯೂ ಆಗಿರಬಹುದೆಂದು ಅನುಮಾನಿಸಬೇಕಾದವರು ಅವರೇ. ಇಂಥವರನ್ನು ಹೊರಗಿಟ್ಟು ವಿಪತ್ತು ಯೋಜನೆ ಬರೆಯುವುದು ತಪ್ಪೆಂದೇ ನನ್ನ ಅಭಿಪ್ರಾಯ.

ಈ ವೃತ್ತಿ ಹೊಸದಲ್ಲ. 1878ರಲ್ಲಿ ಇಂಗ್ಲೆಂಡಿನ ನಾರಿಚ್ ನಗರದ ಕೋಲ್ಮನ್ಸ್ ಸಾಸಿವೆ ಕಾರ್ಖಾನೆ ಸೇರಿದ ಫಿಲಿಪಾ ಫ್ಲವರ್‌ಡೇ ಅಸ್ವಸ್ಥ ಕಾರ್ಮಿಕರ ಮನೆಗಳಿಗೂ ಹೋಗಿ ಶುಶ್ರೂಷೆ ಮಾಡುತ್ತಿದ್ದರು. ನಮ್ಮಲ್ಲಿ 1948ರ ಕಾರ್ಖಾನೆ ಕಾಯ್ದೆಯು 500ಕ್ಕಿಂತ ಹೆಚ್ಚು ಕಾರ್ಮಿಕರಿರುವಲ್ಲಿ ಆಂಬುಲೆನ್ಸ್ ಕೊಠಡಿಯನ್ನೂ ಅದಕ್ಕೆ ವೈದ್ಯಕೀಯ, ಶುಶ್ರೂಷಾ ಸಿಬ್ಬಂದಿಯನ್ನೂ ಕಡ್ಡಾಯಗೊಳಿಸಿತು. ಆ ಕಾಯ್ದೆಯ ಕಣ್ಣಿನಲ್ಲಿ ನರ್ಸ್ ಕೆಲಸ ಗಾಯವಾದ ಮೇಲೆ ಶುರುವಾಗುವಂಥದ್ದು.

ಆ ನೋಟ ಬದಲಾಗಲು ಭೋಪಾಲ್ ಅನಿಲ ದುರಂತವೇ ಆಗಬೇಕಾಯಿತು. 1984ರ ಡಿಸೆಂಬರ್ 2ರ ರಾತ್ರಿ ಅಲ್ಲಿನ ಕೀಟನಾಶಕ ಕಾರ್ಖಾನೆಯಿಂದ ಮೀಥೈಲ್ ಐಸೋಸಯನೇಟ್ ಎಂಬ ವಿಷಾನಿಲ ಸೋರಿದಾಗ, ಆಸ್ಪತ್ರೆಗೆ ಬಂದ ಸಾವಿರಾರು ಜನರ ಕಣ್ಣು, ಶ್ವಾಸಕೋಶಗಳನ್ನು ಸುಟ್ಟ ಅನಿಲ ಯಾವುದು, ಅದಕ್ಕೆ ಚಿಕಿತ್ಸೆ ಏನು ಎಂಬುದು ವೈದ್ಯರಿಗೇ ತಿಳಿದಿರಲಿಲ್ಲ. ಕಾರ್ಖಾನೆ ಕಾಯ್ದೆಯ 1987ರ ತಿದ್ದುಪಡಿ ಅಪಾಯಕಾರಿ ಕಾರ್ಖಾನೆಗಳಿಗೆ ತುರ್ತು ಯೋಜನೆಯನ್ನು ಕಡ್ಡಾಯ ಮಾಡಿತು. ಅದನ್ನು ಕಾರ್ಮಿಕರಿಗೂ ಅಕ್ಕಪಕ್ಕದ ಜನರಿಗೂ ತಿಳಿಸಬೇಕೆಂದಿತು. ಅಪಾಯಕಾರಿ ವಸ್ತುಗಳೊಡನೆ ಕೆಲಸ ಮಾಡುವವರ ಆರೋಗ್ಯ ದಾಖಲೆ ಇಡಬೇಕೆಂದೂ ವಿಧಿಸಿತು. 1989ರ ಅಪಾಯಕಾರಿ ರಾಸಾಯನಿಕಗಳ ನಿಯಮಗಳು, 1996ರ ರಾಸಾಯನಿಕ ಅಪಘಾತ ನಿಯಮಗಳು ಇದರ ನಂತರ ಬಂದವು.

ಆರೋಗ್ಯ ದಾಖಲೆ ಮತ್ತು ತುರ್ತು ಯೋಜನೆ ಒಂದೇ ತಿದ್ದುಪಡಿಯ ಕೂಸುಗಳು, ಆದರೆ ಬೇರೆಬೇರೆ ಕಪಾಟುಗಳಲ್ಲಿ ಬೆಳೆದರೆ ಎರಡೂ ನಿಷ್ಪ್ರಯೋಜಕ. ಯಾರಿಗೆ ಉಬ್ಬಸವಿದೆ, ಯಾರು ಗರ್ಭಿಣಿ, ಗುತ್ತಿಗೆ ಕಾರ್ಮಿಕರಲ್ಲಿ ಕನ್ನಡ ಬಾರದವರು ಯಾರು ಎಂಬುದು ನರ್ಸ್‌ಗೆ ಗೊತ್ತಿರುತ್ತದೆ. ಬಿದ್ದವನನ್ನು ಎತ್ತಲು ಉಸಿರಾಟದ ಸಲಕರಣೆಯಿಲ್ಲದೆ ಓಡಿದವನು ತಾನೂ ಬೀಳುತ್ತಾನೆ ಎಂಬ ಪಾಠವನ್ನು, ದಿನವೂ ನೋಡುವ ಮುಖಗಳಿಗೆ ಅವರ ಮಾತಿನಲ್ಲೇ ಹೇಳಬಲ್ಲವರೂ ಅವರು. ಅಣಕು ಕಾರ್ಯಾಚರಣೆಯನ್ನು ಅಧಿಕಾರಿಗಳೆಲ್ಲ ಇರುವ ಹಗಲಿನಲ್ಲಷ್ಟೇ ನಡೆಸಿದರೆ ಸಾಲದು. ಭೋಪಾಲಿನ ಅನಿಲ ಸೋರಿದ್ದು ರಾತ್ರಿ ಪಾಳಿಯಲ್ಲಿ, ಆ ಹೊತ್ತಿಗೆ ಆಂಬುಲೆನ್ಸ್ ಕೊಠಡಿಯಲ್ಲಿ ಯಾರಿರುತ್ತಾರೋ ಅವರ ಕೈಯಲ್ಲೇ ಆ ತಾಲೀಮು ನಡೆಯಬೇಕು.