ಚಿತ್ರದಲ್ಲಿ ಕೊಕ್ಕೆ ಎಲ್ಲಿದೆ?

ಕಳೆದ ಮದುವೆ ಕಾಲದಲ್ಲಿ ಮಂಡ್ಯದ ಕಡೆಯಿಂದ ಬಂದಿದ್ದ ತಾಯಿ ಮತ್ತು ಮಗಳು, ಮೈಸೂರಿನ ಅಶೋಕ ರಸ್ತೆಯಲ್ಲಿರುವ ನಮ್ಮ ಕೆಲಸದ ಕೋಣೆಯಲ್ಲಿ ಕುಳಿತು ಮೊಬೈಲಿನಲ್ಲಿದ್ದ ಒಂದು ನೆಕ್ಲೇಸಿನ ಚಿತ್ರವನ್ನು ನನ್ನ ಮುಂದಿಟ್ಟರು. ಕೃತಕ ಬುದ್ಧಿಮತ್ತೆಯ ಉಪಕರಣದಿಂದ ಮಗಳೇ ಮಾಡಿಸಿದ್ದ ಚಿತ್ರವದು. ನಡುವೆ ತಾವರೆ, ತಾವರೆಯ ಹೊಟ್ಟೆಯಲ್ಲಿ ಮಾಣಿಕ್ಯ, ಎರಡೂ ಬದಿಗೆ ಇಳಿದು ಬಂದ ಚಿನ್ನದ ಗುಂಡುಗಳು. ನಿಜಕ್ಕೂ ಚೆಲುವಾಗಿತ್ತು. “ಇದನ್ನೇ 30 ಗ್ರಾಮಿನೊಳಗೆ ಮಾಡಿಕೊಡಿ ಸರ್” ಎಂದಳು ಮಗಳು.

ನಾನು ಚಿತ್ರವನ್ನು ಹಿಗ್ಗಿಸಿ ಅವರ ಜೊತೆಯಲ್ಲಿಯೇ ಗುಂಡುಗಳನ್ನು ಎಣಿಸಿದೆ. ಎಡಕ್ಕೆ 13, ಬಲಕ್ಕೆ 11. ಎಡಗಡೆಯ ಸರ ತಾವರೆಯ ಎಸಳಿನ ಅಡಿಗೆ ಹೋದದ್ದು ಮತ್ತೆ ಹೊರಗೆ ಬಂದಿರಲಿಲ್ಲ. ಮಾಣಿಕ್ಯವನ್ನು ಹಿಡಿದಿಡುವ ಕಟ್ಟು ಸುತ್ತ ಎಲ್ಲೂ ಇರಲಿಲ್ಲ. ಕಲ್ಲು ತಾನಾಗಿಯೇ ಎಸಳುಗಳ ನಡುವೆ ತೇಲುತ್ತಿತ್ತು. ಕೊನೆಗೆ ತಾಯಿಯೇ ಕೇಳಿದರು, “ಅಲ್ಲಾ, ಇದಕ್ಕೆ ಕೊಕ್ಕೆ ಎಲ್ಲಿದೆ?”

ಈ ಒಂದು ಪ್ರಶ್ನೆಯಲ್ಲಿ ಇಡೀ ವಿಷಯವಿದೆ. ಮಿಡ್‌ಜರ್ನಿ, ಸ್ಟೇಬಲ್ ಡಿಫ್ಯೂಷನ್ ಮೊದಲಾದ ಉಪಕರಣಗಳು 2022ರಲ್ಲಿ ಸಾರ್ವಜನಿಕರ ಕೈಗೆ ಬಂದವು. ಇಂತಹ ಉಪಕರಣಗಳು ಸಾಮಾನ್ಯವಾಗಿ ಅರ್ಥವಿಲ್ಲದ ಚುಕ್ಕೆಗಳ ರಾಶಿಯಿಂದ ಆರಂಭಿಸಿ, ನಾವು ಕೊಟ್ಟ ಮಾತಿಗೆ ಹೊಂದುವಂತೆ ಅದನ್ನು ಹಂತಹಂತವಾಗಿ ತಿಳಿಗೊಳಿಸುತ್ತ ಹೋಗುತ್ತವೆ. ಲಕ್ಷಾಂತರ ಒಡವೆಗಳ ಫೋಟೋಗಳನ್ನು ಅರಗಿಸಿಕೊಂಡಿರುವುದರಿಂದ ಚಿನ್ನದ ಮೇಲೆ ಬೆಳಕು ಹೇಗೆ ಜಾರುತ್ತದೆ ಎಂಬುದು ಅವುಗಳಿಗೆ ಚೆನ್ನಾಗಿ ಗೊತ್ತು. ಆದರೆ ಫೋಟೋದಲ್ಲಿ ಕಾಣದ ಬೆನ್ನಿನ ಭಾಗ, ಬೆಸುಗೆ, ತಿರುಪು, ಕೊಕ್ಕೆ ಇವುಗಳ ಅರಿವು ಅವುಗಳಿಗಿಲ್ಲ. ಅಕ್ಕಸಾಲಿಗನು ಒಡವೆಯನ್ನು ಹಿಂಬದಿಯಿಂದ ಕಟ್ಟುತ್ತ ಬರುತ್ತಾನೆ. ಉಪಕರಣ ಮುಂಬದಿಯನ್ನು ಮಾತ್ರ ಬಿಡಿಸುತ್ತದೆ.

ಇಷ್ಟಾದರೂ ನಾನು ಅದನ್ನು ದಿನವೂ ಬಳಸುತ್ತೇನೆ, ಏಕೆಂದರೆ ಗಿರಾಕಿಯ ಮನಸ್ಸಿನಲ್ಲಿರುವುದನ್ನು ಅರಿಯಲು ಇಷ್ಟು ಬೇಗ ಕೆಲಸಕ್ಕೆ ಬರುವ ಸಾಧನ ನನ್ನ ಕೈಗೆ ಹಿಂದೆ ಸಿಕ್ಕಿರಲಿಲ್ಲ. “ತುಂಬಾ ಹೆವಿ ಬೇಡ, ಆದರೆ ತುಂಬಿದ ಹಾಗೆ ಕಾಣಬೇಕು” ಎಂಬ ಮಾತಿನ ಅರ್ಥ ಒಬ್ಬೊಬ್ಬರಿಗೂ ಒಂದೊಂದು. ಅರ್ಧ ಗಂಟೆಯಲ್ಲಿ ಹತ್ತು ಚಿತ್ರ ಮುಂದಿಟ್ಟರೆ, ಬೇಕಾದದ್ದಕ್ಕಿಂತ ಬೇಡದ್ದು ಯಾವುದೆಂದು ಅವರೇ ಹೇಳಿಬಿಡುತ್ತಾರೆ.

ಉಪಕರಣಕ್ಕೆ ನಮ್ಮ ಒಡವೆಗಳ ಹೆಸರು ಹೇಳಿದರೆ ಸಾಲದು. ಅದೇ ತಾಯಿ ತಮ್ಮ ಅಜ್ಜಿ ತೊಡುತ್ತಿದ್ದಂತಹ ಬುಗುಡಿಯನ್ನೂ ಕೇಳಿದರು. ಬುಗುಡಿ ಎಂದು ಬರೆದಾಗ ಬಂದದ್ದು ನೇತಾಡುವ ಜುಮುಕಿ. ಹೆಸರನ್ನು ಬಿಟ್ಟು ಆಕಾರವನ್ನು ಹೇಳಿದೆವು: ಕಿವಿಯ ಮೇಲಂಚಿನಲ್ಲಿ ಕೂರುವಂಥದ್ದು, ತೂಗಾಡದು, ನಡುವೆ ಒಂದು ಕೆಂಪು ಕಲ್ಲು, ಸುತ್ತ ಸಣ್ಣ ಮುತ್ತುಗಳ ಒಂದೇ ಸಾಲು, ಅಗಲ ಹೆಬ್ಬೆರಳಿನ ಉಗುರಿನಷ್ಟು. ನಾಲ್ಕನೆಯ ಸಲಕ್ಕೆ ಹತ್ತಿರಕ್ಕೆ ಬಂತು. ತಾಳಿ ಎಂದರೂ ಅಷ್ಟೆ; ತವರಿನದೊಂದು, ಅತ್ತೆಮನೆಯದೊಂದು ಎಂದು ನಮ್ಮಲ್ಲಿ ಅನೇಕರು ಧರಿಸುವ ಜೋಡಿ ಬೊಟ್ಟಿನ ಬದಲು ಉತ್ತರ ಭಾರತದ ಕರಿಮಣಿಯ ಪದಕ ಬರುತ್ತದೆ. ಗಂಡಭೇರುಂಡ ಕೇಳಿದವರಿಗೆ ಯುರೋಪಿನ ರಾಜಮನೆತನಗಳ ಎರಡು ತಲೆಯ ಹದ್ದು ಸಿಗುತ್ತದೆ. ಗೊತ್ತಿಲ್ಲದವರು ಅದನ್ನೇ ಮೈಸೂರಿನ ಲಾಂಛನವೆಂದು ಕೊರಳಿಗೆ ಹಾಕಿಕೊಳ್ಳುವುದು ನನಗೆ ನೋವಿನ ಸಂಗತಿ.

ಇದಕ್ಕೆ ನಾನು ಕಂಡುಕೊಂಡ ದಾರಿಯೆಂದರೆ ಮಾತಿನ ಜೊತೆಗೆ ನಾವೇ ತೆಗೆದ ಫೋಟೋವನ್ನೂ ಕೊಡುವುದು. 1258ರಲ್ಲಿ ಪ್ರತಿಷ್ಠಾಪನೆಯಾದ ಸೋಮನಾಥಪುರದ ಕೇಶವ ದೇವಾಲಯದ ಹೊರಗೋಡೆಯ ವಿಗ್ರಹಗಳಲ್ಲಿ ಹಾರ, ತೋಳುಬಂದಿ, ಡಾಬುಗಳ ಮಾದರಿ ಎಷ್ಟು ಬೇಕೆಂದರೂ ಸಿಗುತ್ತದೆ. ಆದರೆ ಅಲ್ಲಿಯ ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೃದುವಾಗಿದ್ದು ಆಳವಾದ ಕೆತ್ತನೆಗೆ ಒಗ್ಗುವಂಥದ್ದು. ಅದೇ ಆಳವನ್ನು ಚಿನ್ನದಲ್ಲಿ ತುಂಬಿಸಿದರೆ ತೂಕ ತಡೆಯುವುದಿಲ್ಲ. ಅದನ್ನು ಜಾಲರಿಯಾಗಿ ಬಿಡಿಸಬೇಕೋ ಬೆನ್ನನ್ನು ಟೊಳ್ಳು ಮಾಡಬೇಕೋ ಎಂಬುದನ್ನು ನಾವೇ ನಿರ್ಧರಿಸಬೇಕು. ಬೇರೆ ಅಂಗಡಿಗಳ ಕೆಟಲಾಗಿನ ಚಿತ್ರವನ್ನು ಮಾತ್ರ ನಾನು ಎಂದೂ ಉಪಕರಣಕ್ಕೆ ಕೊಡುವುದಿಲ್ಲ. ಅದು ಇನ್ನೊಬ್ಬರ ದುಡಿಮೆ.

ತೂಕದ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಚಿತ್ರಕ್ಕೆ ಅಳತೆಯಿಲ್ಲ. 30 ಮಿಲಿಮೀಟರ್ ಅಗಲದ ಪದಕವನ್ನು ಅದೇ ರೂಪದಲ್ಲಿ 45 ಮಿಲಿಮೀಟರಿಗೆ ಹಿಗ್ಗಿಸಿದರೆ ಕಣ್ಣಿಗೆ ಒಂದೂವರೆ ಪಟ್ಟು ಅನ್ನಿಸುತ್ತದೆ. ಆದರೆ ಉದ್ದ, ಅಗಲ, ದಪ್ಪ ಮೂರೂ ಬೆಳೆಯುವುದರಿಂದ ಚಿನ್ನ ಸುಮಾರು 3.4 ಪಟ್ಟು ಬೇಕಾಗುತ್ತದೆ. ಆದ್ದರಿಂದ ಗಿರಾಕಿ ಒಪ್ಪಿದ ಚಿತ್ರವನ್ನು ಮೊದಲು ಕಾಗದದ ಮೇಲೆ ನಿಜವಾದ ಅಳತೆಯಲ್ಲಿ ಕೈಯಿಂದ ಬರೆಯುತ್ತೇನೆ, ಆಮೇಲೆ ಕಂಪ್ಯೂಟರಿನಲ್ಲಿ ಮೂರು ಆಯಾಮದ ಮಾದರಿ ಮಾಡಿಸುತ್ತೇನೆ. ಮಾದರಿಯಿಂದ ಮೇಣದ ಅಚ್ಚು ಬಂದಾಗ ಅದನ್ನು ತೂಗಿದರೆ ಲೆಕ್ಕ ಸ್ಪಷ್ಟವಾಗುತ್ತದೆ: ಒಂದು ಗ್ರಾಂ ಮೇಣ ಕರಗಿಹೋದ ಜಾಗವನ್ನು ತುಂಬಲು 22 ಕ್ಯಾರೆಟ್ ಚಿನ್ನ 18 ಗ್ರಾಮಿನ ಆಸುಪಾಸು ಬೇಕು. ತಾವರೆಯ ನೆಕ್ಲೇಸು ಮೊದಲ ಲೆಕ್ಕದಲ್ಲಿ 70 ಗ್ರಾಂ ದಾಟಿತ್ತು. ಗುಂಡುಗಳನ್ನು ಟೊಳ್ಳು ಮಾಡಿ, ಎಸಳುಗಳನ್ನು ತಗಡಿನಲ್ಲಿ ತೆಗೆದು, ಹಿಂಬದಿಯ ಸಾಲನ್ನು ಸಾದಾ ಸರಪಣಿಗೆ ಬದಲಿಸಿದಾಗ 38ಕ್ಕೆ ಇಳಿಯಿತು. 30ಕ್ಕೆ ಇಳಿಸಲು ನಾನು ಒಪ್ಪಲಿಲ್ಲ. ಎಸಳು ಅಷ್ಟು ತೆಳುವಾದರೆ ಸೆರಗಿಗೆ ಸಿಕ್ಕಿ ಒಂದೇ ವರ್ಷದಲ್ಲಿ ಬಾಗುತ್ತದೆ.

ಬಿಡಿ ಭಾಗಗಳು ಹೆಚ್ಚಿದಂತೆ ಬೆಸುಗೆಯೂ ಹೆಚ್ಚುತ್ತದೆ. ಬೆಸುಗೆಯ ಮಿಶ್ರಣದಲ್ಲಿ ಎಚ್ಚರ ತಪ್ಪಿದರೆ ಒಟ್ಟು ಶುದ್ಧತೆ ತಗ್ಗುತ್ತದೆ. 22 ಕ್ಯಾರೆಟ್ ಎಂದರೆ ಸಾವಿರಕ್ಕೆ 916 ಭಾಗ ಚಿನ್ನ, ಮತ್ತು 2023ರ ಏಪ್ರಿಲ್ 1ರಿಂದ ಹಾಲ್‌ಮಾರ್ಕ್ ಒಡವೆಯ ಮಾರಾಟಕ್ಕೆ ಆರು ಅಕ್ಷರ–ಅಂಕಿಗಳ ಎಚ್‌ಯುಐಡಿ, ಅಂದರೆ ಪ್ರತಿ ಒಡವೆಗೂ ಬೇರೆಯಾದ ಗುರುತು, ಕಡ್ಡಾಯ. ಹೀಗಾಗಿ ಚಿತ್ರದಲ್ಲಿರುವ ಸಣ್ಣ ಸಣ್ಣ ಅಲಂಕಾರಗಳನ್ನು ಒಂದೇ ತುಂಡಿನಲ್ಲಿ ಎರಕ ಹೊಯ್ಯಲು ಬರುವಂತೆ ಕೂಡಿಸುವುದು ನನ್ನ ಮೊದಲ ಕೆಲಸ.

ಆರಂಭದ ದಿನಗಳಲ್ಲಿ ನಾನೊಂದು ತಪ್ಪು ಮಾಡಿದ್ದೆ. ಉಪಕರಣ ಕೊಟ್ಟ ಚಿತ್ರಗಳನ್ನು ಸೋಸದೆ ಹಾಗೆಯೇ ಗಿರಾಕಿಗೆ ಕಳುಹಿಸಿದೆ. ಅವರು ಮೆಚ್ಚಿದ್ದು ಕೂದಲಿನಷ್ಟು ತೆಳುವಾದ ತಂತಿಯಲ್ಲಿ ದಪ್ಪ ಪಚ್ಚೆಗಳು ತೂಗುತ್ತಿದ್ದ ಓಲೆಯನ್ನು. ಆಗುವುದಿಲ್ಲ ಎಂದು ಹೇಳುವ ಹೊತ್ತಿಗೆ ಅವರ ಮನಸ್ಸು ಅದರಲ್ಲಿ ನೆಟ್ಟಾಗಿತ್ತು. ಬೇರೆ ಏನು ತೋರಿಸಿದರೂ ಸಪ್ಪೆಯೆನಿಸಿತು, ಮುಂಗಡವನ್ನು ಹಿಂದಿರುಗಿಸಿದೆ. ಅಂದಿನಿಂದ ನಮ್ಮ ಅಕ್ಕಸಾಲಿಗ ಆಚಾರ್ಯರು ನೋಡಿ “ಆಗುತ್ತೆ” ಎನ್ನದ ಯಾವ ಚಿತ್ರವೂ ಕೋಣೆಯಿಂದ ಹೊರಗೆ ಹೋಗುವುದಿಲ್ಲ.

ಬುಗುಡಿಯ ಮೇಣದ ಮಾದರಿ ಬಂದ ದಿನ ತಾಯಿ ಮತ್ತೆ ಬಂದಿದ್ದರು. ಆಚಾರ್ಯರು ಅದನ್ನು ಚಿಮುಟದಲ್ಲಿ ಹಿಡಿದು ಅವರ ಕಿವಿಯ ಅಂಚಿಗೆ ಒಡ್ಡಿ ನೋಡಿದರು. ಚಿತ್ರದಲ್ಲಿ ಸರಿಯಾಗಿಯೇ ಕಂಡಿದ್ದ ಒಳಬದಿಯ ಮುತ್ತನ್ನು ಕೂರಿಸಿದ ಕುಪ್ಪಿಗೆ ತಲೆಗೂದಲು ಸಿಕ್ಕಿಕೊಳ್ಳುತ್ತಿತ್ತು. “ಅಮ್ಮಾ, ಈ ಒಂದು ಮುತ್ತು ತೆಗೆಯೋಣ, ಇಲ್ಲಿ ಯಾರಿಗೂ ಕಾಣಲ್ಲ” ಎಂದರು ಅವರು. ತಾಯಿ ಸ್ವಲ್ಪ ಹೊತ್ತು ಯೋಚಿಸಿ, ಅಜ್ಜಿಯ ಬುಗುಡಿಯಲ್ಲಿಯೂ ಒಳಗಡೆ ಒಂದು ಮುತ್ತು ಇರಲಿಲ್ಲ, ಬಿದ್ದುಹೋಗಿದೆ ಎಂದುಕೊಂಡಿದ್ದೆವು ಎಂದರು.