ಬಳ್ಳಿ ಉಳಿಯಿತು, ಅಂಗಿ ಹೋಯಿತು

ನೇರಳೆ ಚೌಕದೊಳಗೆ ದ್ರಾಕ್ಷಿ ಬಳ್ಳಿ, ಸುತ್ತ ಎರಡು ಬೆರಳಷ್ಟು ಲಿನನ್. ಈಜಿಪ್ಟಿನ ಆರಂಭಿಕ ಬೈಜಾಂಟಿನ್ (ಪೂರ್ವ ರೋಮನ್) ಕಾಲದ ಬಟ್ಟೆಗಳು ಮ್ಯೂಸಿಯಂಗಳಲ್ಲಿ ಹೆಚ್ಚಾಗಿ ಕಾಣುವುದು ಹೀಗೆ, ತುಂಡುಗಳಾಗಿ. ನೇಕಾರರು ನೇಯ್ದದ್ದು ಇಡೀ ನಿಲುವಂಗಿಯನ್ನು.

ಅಂಗಿಯ ಆಕಾರ ಬಹುಮಟ್ಟಿಗೆ ಮಗ್ಗದ ಮೇಲೆಯೇ ಮೂಡುತ್ತಿತ್ತು. ಮೊದಲು ಒಂದು ತೋಳು, ಆಮೇಲೆ ಕೊರಳಿಗೆ ಸೀಳು ಬಿಟ್ಟು ಮೈ, ಕೊನೆಗೆ ಇನ್ನೊಂದು ತೋಳು. ಮುಂದು ಹಿಂದು ಎರಡೂ ಒಟ್ಟಿಗೇ ಬರಬೇಕಾದ್ದರಿಂದ ಹಾಸಿನ, ಅಂದರೆ ಮಗ್ಗಕ್ಕೆ ಬಿಗಿದ ಉದ್ದೆಳೆಗಳ, ಅಗಲ 2.5 ಮೀಟರ್ ಆಸುಪಾಸು. ತೊಡುವಾಗ ಬಟ್ಟೆ 90 ಡಿಗ್ರಿ ತಿರುಗುತ್ತದೆ. ಮಗ್ಗದಲ್ಲಿ ಅಡ್ಡ ಮಲಗಿದ್ದ ಬಳ್ಳಿ ಎದೆಯ ಮೇಲೆ ನೆಟ್ಟಗೆ ನಿಲ್ಲುತ್ತದೆ.

ಲಿನನ್ ಬಣ್ಣವನ್ನು ಸುಲಭವಾಗಿ ಹಿಡಿಯುವುದಿಲ್ಲ, ಉಣ್ಣೆ ಹಿಡಿಯುತ್ತದೆ. ಹಾಗಾಗಿ ಹಾಸು ಬಣ್ಣವಿಲ್ಲದ ಲಿನನ್, ಚಿತ್ತಾರದ ಹೊಕ್ಕು, ಅಂದರೆ ಅಡ್ಡೆಳೆ, ಉಣ್ಣೆ. ಚಿತ್ತಾರ ಶುರುವಾಗುವಲ್ಲಿ ಹಾಸಿನ ಎಳೆಗಳನ್ನು ಎರಡೆರಡೋ ಮೂರುಮೂರೋ ಜೋಡಿಸಬೇಕು. ಜೋಡಿಸದಿದ್ದರೆ ಹೊಕ್ಕು ಒತ್ತಾಗಿ ಕೂರದೆ ಲಿನನ್ ಇಣುಕುತ್ತದೆ. ಎರಡು ಬಣ್ಣಗಳ ಗಡಿ ಒಂದೇ ಹಾಸಿನೆಳೆಯ ಗುಂಟ ಉದ್ದಕ್ಕೂ ಸಾಗಿದರೆ ಅಲ್ಲಿ ಸೀಳು ಬೀಳುತ್ತದೆ. ಎಲೆಯ ಅಂಚು ಮೆಟ್ಟಿಲು ಮೆಟ್ಟಿಲಾಗಿ ಓರೆಯಾಗಿ ಏರಿದರೆ ಆ ಕಾಟವಿಲ್ಲ. ಎಲೆಯ ನರಗಳಿಗೆ ಬೇರೆಯೇ ಒಂದು ಬಿಳಿ ಲಿನನ್ ಎಳೆ. ಅದು ಹೊಕ್ಕಿನ ದಾರಿ ಬಿಟ್ಟು ನೇರಳೆಯ ಮೇಲೆ ಓರೆಯಾಗಿ, ಗೆರೆ ಎಳೆದಂತೆ ಓಡುತ್ತದೆ. ನೇಕಾರನ ಕೈಗುಣ ತಿಳಿಯುವುದು ಇಲ್ಲಿಯೇ.

ಆ ನೇರಳೆಯೂ ಹೆಚ್ಚಿನವುಗಳಲ್ಲಿ ಅಸಲಿಯಲ್ಲ. ಕಡಲ ಶಂಖದ ಬಣ್ಣ ವಿಪರೀತ ದುಬಾರಿ. ಮಂಜಿಷ್ಠದ ಕೆಂಪು, ನೀಲಿ ಎರಡೂ ಸೇರಿಸಿ ಅದರ ನಕಲು ತೆಗೆಯುತ್ತಿದ್ದರು.

ದ್ರಾಕ್ಷಿ ಬಳ್ಳಿ ಮೊದಲಿಗೆ ಮದ್ಯದೇವ ಡಯೊನೈಸಸ್‌ನದು. ‘ನಾನೇ ನಿಜವಾದ ದ್ರಾಕ್ಷಿಬಳ್ಳಿ’ ಎಂಬ ಯೇಸುವಿನ ಮಾತು ಕೇಳಿದವರೂ ಅದನ್ನು ನಿಶ್ಚಿಂತೆಯಿಂದ ತೊಡಬಹುದಿತ್ತು. ಕ್ರಿ.ಶ. 400ರ ಹೊತ್ತಿಗೆ ಅಮಾಸಿಯಾದ ಬಿಷಪ್ ಆಸ್ಟೀರಿಯಸ್ ಸುವಾರ್ತೆಯ ಚಿತ್ರಗಳನ್ನು ಮೈಮೇಲೆ ಹೊತ್ತು ತಿರುಗುವ ಸಿರಿವಂತರನ್ನು ಬೈದದ್ದುಂಟು. 7ನೇ ಶತಮಾನದಲ್ಲಿ ಅರಬ್ಬರು ಬಂದ ಮೇಲೂ ಬಳ್ಳಿ ಮಗ್ಗ ಬಿಟ್ಟು ಇಳಿಯಲಿಲ್ಲ.

ಮಮ್ಮಿ ಮಾಡುವ ರೂಢಿ ನಿಂತ ಮೇಲೆ ಹೆಣಗಳನ್ನು ಉಟ್ಟ ಬಟ್ಟೆಯಲ್ಲೇ ಹೂಳುತ್ತಿದ್ದರು. ಒಣ ಮರಳು ಅವನ್ನು ಕಾಪಾಡಿತು. 1880ರ ದಶಕದಲ್ಲಿ ಈಜಿಪ್ಟಿನ ಅಖ್ಮೀಮ್ ಊರಿನ ಗೋರಿಗಳು ತೆರೆದವು. 1896ರಿಂದ ಫ್ರೆಂಚ್ ಪುರಾತತ್ವಜ್ಞ ಆಲ್ಬರ್ಟ್ ಗಾಯೆ ಅಲ್ಲಿನ ಹಳೆಯ ನಗರ ಆಂಟಿನೋಪೊಲಿಸ್‌ನಲ್ಲಿ ಅಗೆದರು. ಕೊಳ್ಳುವವರಿಗೆ ಬೇಕಿದ್ದದ್ದು ಬಣ್ಣ. ವ್ಯಾಪಾರಿಗಳು ಚಿತ್ತಾರ ಕತ್ತರಿಸಿಕೊಂಡು, ಕಲೆಗಟ್ಟಿದ ಬಿಳಿ ಬಟ್ಟೆಯನ್ನು ಎಸೆದರು. ಅಂಗಿಯ ಅಳತೆ, ಕಟ್ಟು, ದಡಿ ಎಲ್ಲ ಅದರ ಜೊತೆಗೇ ಹೋಯಿತು. ಗೋರಿಯ ದಾಖಲೆಯೂ ಇಲ್ಲದೆ ಕಾಲನಿರ್ಣಯ ಶೈಲಿ ನೋಡಿ ಮಾಡುವ ಅಂದಾಜಾಯಿತು. ಕಾರ್ಬನ್ ಪರೀಕ್ಷೆ ಬಂದ ಮೇಲೆ ಅಂಥ ಎಷ್ಟೋ ಅಂದಾಜುಗಳನ್ನು ತಿದ್ದಬೇಕಾಯಿತು.

ಆದರೆ ಕತ್ತರಿಯೆಲ್ಲ ವ್ಯಾಪಾರಿಗಳದೇ ಅಲ್ಲ. ಹಳೆ ಅಂಗಿ ಸವೆದರೆ ಚಿತ್ತಾರ ಬಿಡಿಸಿ ಹೊಸದಕ್ಕೆ ಹೊಲಿಯುವುದು ಆ ಕಾಲದಲ್ಲೂ ಇತ್ತು. ತುಂಡಿನ ಅಂಚು ಒಳಮಡಿಚಿ ಸೂಜಿಯ ತೂತುಗಳಿದ್ದರೆ ಅದು ಅಂಥ ಮರುಬಳಕೆಯ ಗುರುತಾಗಿರಬಹುದು.