‘ನಾವು ಮಾಡಿದ್ವಿ’ ಸರಿ, ನೀವೇನು ಮಾಡಿದ್ರಿ?

ಹೋದ ತಿಂಗಳು ಹಳೆಯ ಸಹೋದ್ಯೋಗಿಯೊಬ್ಬರು ಫೋನ್ ಮಾಡಿದರು. ದಾವಣಗೆರೆ ಕಡೆಯವರು, 14 ವರ್ಷ ಸರ್ವಿಸ್ ಆಗಿದೆ. ಬೆಂಗಳೂರಿನ ಔಟರ್ ರಿಂಗ್ ರೋಡಿನ ಒಂದು ಕಂಪನಿಯಲ್ಲಿ ಪ್ರಿನ್ಸಿಪಾಲ್ ಎಂಜಿನಿಯರ್ ಕೆಲಸಕ್ಕೆ ಇಂಟರ್‌ವ್ಯೂ ಇತ್ತು. ‘ಸರ್, ಅಭ್ಯಾಸಕ್ಕೆ ಒಂದು ಮಾಕ್ ಇಂಟರ್‌ವ್ಯೂ ತಗೊಳ್ತೀರಾ? ಮೂರು ವಾರದಿಂದ ದಿನಾ ರಾತ್ರಿ ಕೋಡಿಂಗ್ ಪ್ರಾಬ್ಲಮ್ ಬಿಡಿಸ್ತಾ ಇದೀನಿ’ ಅಂದರು. ಭಾನುವಾರ ಬೆಳಿಗ್ಗೆ ಮನೆಗೆ ಬಂದರು. ಕಾಫಿ ಕೊಟ್ಟು ಮೊದಲ ಪ್ರಶ್ನೆ ಕೇಳಿದೆ: ‘ಕಳೆದ ಮೂರು ವರ್ಷದಲ್ಲಿ ನೀವು ಮಾಡಿದ ದೊಡ್ಡ ಕೆಲಸ ಯಾವುದು?’

‘ನಾವು ಹಳೇ ಪೇಮೆಂಟ್ ಸಿಸ್ಟಮ್ ಒಡೆದು ಮೈಕ್ರೋಸರ್ವಿಸ್ ಮಾಡಿದ್ವಿ. ಆಮೇಲೆ ಡೇಟಾಬೇಸ್ ಬದಲಾಯಿಸಿದ್ವಿ. ಕ್ಲೌಡ್‌ಗೆ ಹೋದ್ವಿ...’ ಹತ್ತು ನಿಮಿಷ ಮಾತಾಡಿದರು. ಅಷ್ಟರಲ್ಲಿ ‘ನಾನು’ ಅನ್ನುವ ಪದ ಒಂದು ಸಲವೂ ಬರಲಿಲ್ಲ.

ನನಗೆ ಆಶ್ಚರ್ಯವೇನೂ ಆಗಲಿಲ್ಲ. ನಾವು ಬೆಳೆದಿರುವುದೇ ಹಾಗೆ. ಮಾತು ಮಾತಿಗೂ ‘ನಾನು’ ಅಂದರೆ ಮನೆಯಲ್ಲಿ ಜಂಬದ ಕೋಳಿ ಅಂತಾರೆ. ಇಂಟರ್‌ವ್ಯೂ ತಗೊಳ್ಳುವ ಕಡೆ ಕೂತು ನನಗೆ 12 ವರ್ಷ ಆಯಿತು. ಕನ್ನಡದ ಹುಡುಗರಲ್ಲಿ, ಹುಡುಗಿಯರಲ್ಲಿ ಈ ಸಂಕೋಚ ಜಾಸ್ತಿ ಕಂಡಿದ್ದೇನೆ. ಕೆಲಸವೆಲ್ಲ ಅವರೇ ಮಾಡಿರುತ್ತಾರೆ. ಹೇಳುವಾಗ ಮಾತ್ರ ತಂಡದ ಹಿಂದೆ ನಿಂತುಬಿಡುತ್ತಾರೆ. ಎದುರು ಕೂತವರು ಕಾಗದದ ಮೇಲೆ ‘ಇವರ ಪಾತ್ರ ಸ್ಪಷ್ಟವಿಲ್ಲ’ ಅಂತ ಬರೆದುಕೊಳ್ಳುತ್ತಾರೆ. ಅಲ್ಲಿಗೆ ಮುಗಿಯಿತು.

ಅದರ ಬದಲು ಹೀಗೆ ಹೇಳಿ ನೋಡಿ: ‘ತಂಡದ ಎಂಟು ಜನರಲ್ಲಿ ಆರು ಜನ ಒಟ್ಟಿಗೇ ಎಲ್ಲಾ ಬದಲಾಯಿಸೋಣ ಅಂದರು. ಒಂದೊಂದೇ ಭಾಗ ಬಿಡಿಸೋಣ ಅಂತ ನಾನು ಹಠ ಹಿಡಿದೆ. ಅದಕ್ಕೆ ಕಾರಣ ಇದು.’ ಇಷ್ಟು ಹೇಳಿದರೆ ಸಾಕು. ತಂಡಕ್ಕೂ ಅನ್ಯಾಯವಿಲ್ಲ, ನೀವೂ ಕಾಣುತ್ತೀರಿ.

ಜೂನಿಯರ್ ಇಂಟರ್‌ವ್ಯೂನಲ್ಲಿ ನಿಮಗೆ ಏನು ಗೊತ್ತು ಅಂತ ನೋಡುತ್ತಾರೆ. ಸ್ಟಾಫ್, ಪ್ರಿನ್ಸಿಪಾಲ್, ಆರ್ಕಿಟೆಕ್ಟ್, ಡೈರೆಕ್ಟರ್ ಅನ್ನುವ ಹಿರಿಯ ಹುದ್ದೆಗಳ ಮಟ್ಟಕ್ಕೆ ಬಂದಾಗ ನೀವು ಏನನ್ನು ಆರಿಸಿದಿರಿ, ಏನನ್ನು ಬಿಟ್ಟಿರಿ, ಬಿಟ್ಟಿದ್ದಕ್ಕೆ ಎಷ್ಟು ತೆತ್ತಿರಿ ಅಂತ ಕೆದಕುತ್ತಾರೆ. ಇದಕ್ಕೆ ಬೇಕಾದ ಸಾಮಾನು ಯಾವ ಕೋಚಿಂಗ್ ವಿಡಿಯೋದಲ್ಲೂ ಸಿಗುವುದಿಲ್ಲ. ನಿಮ್ಮದೇ ಹಳೆಯ ಮೇಲ್, ಡಿಸೈನ್ ಡಾಕ್ಯುಮೆಂಟ್, ಅಪ್ರೈಸಲ್ ಫಾರ್ಮ್, ಕ್ಯಾಲೆಂಡರ್‌ನಲ್ಲಿ ಬಿದ್ದಿದೆ. ಕೋಡಿಂಗ್ ಪ್ರಾಬ್ಲಮ್ ಬೇಡವೇ ಬೇಡ ಅನ್ನುತ್ತಿಲ್ಲ, ಕೆಲವು ಕಡೆ ಒಂದು ಸುತ್ತು ಇರುತ್ತದೆ. ಅದಕ್ಕೆ ವಾರದಲ್ಲಿ ಎರಡು ಸಂಜೆ ಸಾಕು.

ಆ ಭಾನುವಾರ ಅವರಿಗೆ ಕೊಟ್ಟ ಹೋಂವರ್ಕ್ ಇದು. ನೀವೇ ತಗೊಂಡ ಏಳು ನಿರ್ಧಾರ ಬರೆಯಿರಿ. ಒಂದೊಂದಕ್ಕೆ ಒಂದೊಂದು ಪುಟ. ಎದುರಿಗೆ ಯಾವ ಯಾವ ದಾರಿ ಇತ್ತು, ಯಾವುದನ್ನು ಯಾಕೆ ಕೈಬಿಟ್ಟಿರಿ, ಯಾರು ವಿರೋಧ ಮಾಡಿದರು, ಕೊನೆಗೆ ಅಂಕಿ ಏನಾಯಿತು. ಏಳರಲ್ಲಿ ಎರಡಾದರೂ ಕೈಕೊಟ್ಟ ನಿರ್ಧಾರ ಇರಲೇಬೇಕು. ಮೊದಲ ದಿನ ಮೂರು ಬರೆಯುವಷ್ಟರಲ್ಲಿ ಅವರಿಗೆ ಸಾಕಾಗಿತ್ತಂತೆ. ಅಂಕಿಗಳೇ ನೆನಪಿಲ್ಲ! ‘ಸ್ಪೀಡ್ ಚೆನ್ನಾಗಾಯ್ತು ಸರ್’ ಅಂತಾರೆ. ಎಷ್ಟಿತ್ತು, ಎಷ್ಟಾಯ್ತು? ಹುಡುಕಬೇಕು. (ಹುಡುಕುವ ಭರದಲ್ಲಿ ಆಫೀಸಿನ ಡಾಕ್ಯುಮೆಂಟ್ ಸ್ವಂತ ಮೇಲ್‌ಗೆ ಕಳಿಸಿಕೊಳ್ಳಬೇಡಿ. ಅದರಿಂದ ಇರುವ ಕೆಲಸವೂ ಹೋದವರನ್ನು ನೋಡಿದ್ದೇನೆ. ‘ಮೂರನೇ ಒಂದು ಭಾಗಕ್ಕೆ ಇಳಿಯಿತು’ ಅನ್ನುವಷ್ಟು ತಲೆಯಲ್ಲಿದ್ದರೆ ಸಾಕು.)

ಒಂದು ದೊಡ್ಡ ಸಿಸ್ಟಮ್ ಹೇಗೆ ಕಟ್ಟುತ್ತೀರಿ ಅಂತ ಕೇಳುವ ಸಿಸ್ಟಮ್ ಡಿಸೈನ್ ಸುತ್ತಿನಲ್ಲಿ ಸೀನಿಯರ್‌ಗಳು ಎಡವುವುದು ಬೇರೆ ರೀತಿ. ಪ್ರಶ್ನೆ ಮುಗಿಯುವ ಮುಂಚೆಯೇ ಬೋರ್ಡಿನ ಮೇಲೆ ಡಬ್ಬಿಗಳು ಶುರು. ಲೋಡ್ ಬ್ಯಾಲೆನ್ಸರ್ (ಕೆಲಸವನ್ನು ಹಲವು ಸರ್ವರ್‌ಗೆ ಹಂಚುವುದು), ಕ್ಯೂ (ಕಾಯುವ ಕೆಲಸಗಳ ಸಾಲು), ಕ್ಯಾಶ್ (ಪದೇ ಪದೇ ಬೇಕಾಗುವ ಡೇಟಾ ಕೈಗೆ ಸಿಗುವಂತೆ ಇಡುವ ಜಾಗ). ಯಾರಿಗೆ, ಎಷ್ಟು ಜನಕ್ಕೆ, ಏನು ತಪ್ಪಿದರೆ ಪರವಾಗಿಲ್ಲ ಅಂತ ಕೇಳುವುದೇ ಇಲ್ಲ. ನಾನು ಯುಪಿಐ ಉದಾಹರಣೆ ಕೊಟ್ಟು ಅಭ್ಯಾಸ ಮಾಡಿಸುತ್ತೇನೆ. 2016ರಲ್ಲಿ ಶುರುವಾದ ಯುಪಿಐ 2023ರ ಆಗಸ್ಟ್‌ನಲ್ಲಿ ಮೊದಲ ಸಲ ಒಂದೇ ತಿಂಗಳಲ್ಲಿ 1000 ಕೋಟಿ ವಹಿವಾಟು ದಾಟಿತು. ಹಾಗಾದರೆ ಸೆಕೆಂಡಿಗೆ ಎಷ್ಟು? ಕ್ಯಾಲ್ಕ್ಯುಲೇಟರ್ ಬೇಡ. 31 ದಿನಕ್ಕೆ ಭಾಗಿಸಿದರೆ ದಿನಕ್ಕೆ ಸುಮಾರು 32 ಕೋಟಿ. ದಿನಕ್ಕೆ 86,400 ಸೆಕೆಂಡ್, ಲೆಕ್ಕಕ್ಕೆ ಸುಲಭ ಆಗಲಿ ಅಂತ ಒಂದು ಲಕ್ಷ ಅನ್ನಿ. 3,200 ಬಂತು. ಲಕ್ಷ ಅಂದಿದ್ದು ಸ್ವಲ್ಪ ಜಾಸ್ತಿಯಾಯಿತಲ್ಲ, ಅದಕ್ಕೆ ನಿಜವಾದ ಸರಾಸರಿ 3,700ರ ಆಸುಪಾಸು.

ಇದು ಸರಾಸರಿ. ಆದರೆ ರಾತ್ರಿ ಮೂರು ಗಂಟೆಗೆ ಯಾರು ತರಕಾರಿ ತಗೊಳ್ತಾರೆ? ಸಂಜೆ ಏಳಕ್ಕೆ, ಸಂಬಳದ ವಾರದಲ್ಲಿ, ಹಬ್ಬದ ಹಿಂದಿನ ದಿನ ಎಷ್ಟಿರಬಹುದು? ಸರಾಸರಿಯ ಎಷ್ಟು ಪಟ್ಟಿಗೆ ತಯಾರಿರಬೇಕು? ಈ ಮಾತು ನಿಮ್ಮ ಬಾಯಿಂದಲೇ ಬರಬೇಕು. ಆಮೇಲೆ ಅಸಲಿ ವಿಷಯ: ನನ್ನ ಖಾತೆಯಿಂದ ದುಡ್ಡು ಕಟ್ ಆಯ್ತು, ಅಂಗಡಿಯವರಿಗೆ ಬರಲಿಲ್ಲ. ಈಗೇನು? ನಾನು ಇನ್ನೊಂದು ಸಲ ಒತ್ತಿದರೆ ಎರಡು ಸಲ ಕಟ್ ಆಗುತ್ತಾ? ದುಡ್ಡಿನ ವಿಷಯದಲ್ಲಿ ತಡವಾದರೂ ತಡೆದುಕೊಳ್ಳಬಹುದು, ತಪ್ಪಾಗಬಾರದು. ಸಿನಿಮಾ ತೋರಿಸುವ ಆ್ಯಪ್‌ಗೆ ಇದು ಉಲ್ಟಾ. ನೋಡಿದವರ ಸಂಖ್ಯೆ ಹತ್ತು ಹೆಚ್ಚುಕಮ್ಮಿ ಆದರೆ ಯಾರೂ ಕೇಳಲ್ಲ, ಚಿತ್ರ ನಿಂತರೆ ಬೈತಾರೆ. ಈ ವ್ಯತ್ಯಾಸ ಹೇಳಿದವರಿಗೆ ಡಬ್ಬಿ ನಾಲ್ಕು ಕಮ್ಮಿ ಬರೆದರೂ ನಾನು ಒಳ್ಳೆಯ ಮಾರ್ಕ್ ಕೊಡುತ್ತೇನೆ.

ಇನ್ನೊಂದು ಚಟ ಇದೆ. ‘ಫೋರ್ ನೈನ್ಸ್ ಕೊಡ್ತೀವಿ’, ಅಂದರೆ ಸಿಸ್ಟಮ್ ಶೇ 99.99ರಷ್ಟು ಹೊತ್ತು ನಡೆಯುತ್ತೆ, ಅಂತ ಸುಮ್ನೆ ಹೇಳಿಬಿಡುವುದು. ಸಿಸ್ಟಮ್ ಶೇ 99.9ರಷ್ಟು ಹೊತ್ತು ನಡೆಯಬೇಕು ಅಂದರೆ 30 ದಿನಕ್ಕೆ 43 ನಿಮಿಷ ಬಿದ್ದಿರಲು ಅವಕಾಶ. ಶೇ 99.99 ಅಂದರೆ ನಾಲ್ಕು ನಿಮಿಷ ಚಿಲ್ಲರೆ. ರಾತ್ರಿ ಎರಡಕ್ಕೆ ಅಲಾರ್ಮ್ ಹೊಡೆದು, ಆನ್‌ಕಾಲ್ (ಆ ರಾತ್ರಿಯ ಡ್ಯೂಟಿ) ಹುಡುಗ ಎದ್ದು, ಕನ್ನಡಕ ಹುಡುಕಿ, ಆಫೀಸಿನ ನೆಟ್‌ವರ್ಕ್ ಸೇರಲು ವಿಪಿಎನ್ ಹಾಕುವಷ್ಟರಲ್ಲೇ ತಿಂಗಳ ಕೋಟಾ ಮುಗಿಯಿತು. ಅಂದರೆ ಮನುಷ್ಯ ಮಧ್ಯೆ ಬರದೆ ತಾನೇ ಸರಿಹೋಗುವಂತೆ ಕಟ್ಟಬೇಕು. ಅದಕ್ಕೆ ಆಗುವ ಖರ್ಚು ಬಿಸಿನೆಸ್ಸಿಗೆ ಬೇಕಾ? ಕೆಲವೊಮ್ಮೆ ‘ಬೇಡ, ಮೂರು ನೈನ್ ಸಾಕು’ ಅನ್ನುವುದೇ ಸರಿಯಾದ ಉತ್ತರ.

ಈಗ ನಾನು ಫೇಲ್ ಆದ ಕಥೆ. ಎಂಟು ವರ್ಷದ ಹಿಂದೆ ಒಂದು ಕಂಪನಿಯಲ್ಲಿ ಡೈರೆಕ್ಟರ್ ಹುದ್ದೆಗೆ ಐದನೇ ಸುತ್ತಿನವರೆಗೂ ಬಂದಿದ್ದೆ. ಕೊನೆಯ ಸುತ್ತಿನಲ್ಲಿ ಒಬ್ಬ ಮಹಿಳೆ, ತುಂಬಾ ಮೆದು ಮಾತಿನವರು, ಕೇಳಿದರು: ‘ನಿಮ್ಮ ತಂಡದವರು ನಿಮ್ಮ ಮಾತು ತಪ್ಪು ಅಂತ ಕೊನೆಯ ಸಲ ಹೇಳಿದ್ದು ಯಾವಾಗ?’ ಯೋಚಿಸಿದೆ. ಏನೂ ಹೊಳೆಯಲಿಲ್ಲ. ‘ನಮ್ಮ ತಂಡದಲ್ಲಿ ಅಂಥ ಜಗಳ ಇಲ್ಲ’ ಅಂದೆ, ಹೆಮ್ಮೆಯಿಂದ ಬೇರೆ. ಅವರು ತಲೆಯಾಡಿಸಿ ನೋಟ್‌ಬುಕ್ ಮುಚ್ಚಿದರು. ಮನೆಗೆ ಬರುವಾಗ ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ಕೂತಾಗ ಅರ್ಥವಾಯಿತು. ಜಗಳ ಇಲ್ಲ ಅಂದರೆ ನನ್ನ ಮುಂದೆ ಯಾರೂ ಬಾಯಿ ಬಿಡುತ್ತಿರಲಿಲ್ಲ ಅಂತ ತಾನೆ? ಆ ಸಿಗ್ನಲ್‌ನಲ್ಲಿ ಯೋಚನೆ ಮಾಡಲು ಟೈಮಿಗೇನೂ ಕೊರತೆಯಿಲ್ಲ.

ಈ ಪ್ರಶ್ನೆ ಈಗ ಬೇರೆ ಬೇರೆ ವೇಷದಲ್ಲಿ ಎಲ್ಲ ಕಡೆ ಬರುತ್ತದೆ. ಅಮೆಜಾನ್‌ನಂಥ ಕಂಪನಿ ತಾನು ಏನು ನೋಡುತ್ತೇನೆ ಅನ್ನುವ 16 ಲೀಡರ್‌ಶಿಪ್ ಪ್ರಿನ್ಸಿಪಲ್‌ಗಳನ್ನು (ನಾಯಕತ್ವದ ತತ್ವಗಳನ್ನು) ಬಹಿರಂಗವಾಗಿಯೇ ಹಾಕಿದೆ. ಅದರಲ್ಲಿ ಒಂದು, ಒಪ್ಪದಿದ್ದರೆ ಎದುರು ಹೇಳು, ತೀರ್ಮಾನವಾದ ಮೇಲೆ ಮನಸ್ಸಿಟ್ಟು ಮಾಡು ಅನ್ನುವುದು. ಯಾವ ಕಂಪನಿಗೆ ಹೋಗುವುದಿದ್ದರೂ ಇಂಥದ್ದನ್ನು ಮೊದಲೇ ಓದಿಕೊಂಡು ಹೋಗಿ. ಆದರೆ ಉರು ಹೊಡೆದು ಒಪ್ಪಿಸಬೇಡಿ. ಎರಡೇ ವಾಕ್ಯದಲ್ಲಿ ಗೊತ್ತಾಗುತ್ತೆ.

ಸೋಲಿನ ಕಥೆ ಹೇಳುವುದು ಹೇಗೆ ಅಂತ ತಿಳಿಯಬೇಕಾದರೆ ಎಂಜಿನಿಯರ್‌ಗಳು ಕೋಡ್ ಇಟ್ಟುಕೊಳ್ಳುವ ತಾಣ ಗಿಟ್‌ಲ್ಯಾಬ್‌ನವರು 2017ರಲ್ಲಿ ಪ್ರಕಟಿಸಿದ ವರದಿ ಓದಿ. ಆ ವರ್ಷ ಜನವರಿ 31ರಂದು ಒಬ್ಬ ಎಂಜಿನಿಯರ್ ಎರಡನೇ ಸರ್ವರ್ ಅಂದುಕೊಂಡು ಮುಖ್ಯ ಸರ್ವರ್‌ನ ಡೇಟಾ ಅಳಿಸಿಬಿಟ್ಟರು. ಸುಮಾರು 300 ಜಿಬಿ. ಬ್ಯಾಕಪ್ ತೆಗೆಯೋಣ ಅಂದರೆ ಒಂದೂ ಸರಿಯಿಲ್ಲ. ದಿನದ ಬ್ಯಾಕಪ್ ವರ್ಷನ್ ಹೊಂದದೆ ಫೇಲ್ ಆಗುತ್ತಲೇ ಇತ್ತು. ಫೇಲ್ ಆಯಿತು ಅಂತ ತಿಳಿಸುವ ಮೇಲ್‌ಗಳೂ ತಿರಸ್ಕಾರವಾಗಿ ಯಾರಿಗೂ ತಲುಪಿರಲಿಲ್ಲ. ಕೊನೆಗೆ ಆರು ಗಂಟೆ ಹಳೆಯ ಒಂದು ಸ್ನ್ಯಾಪ್‌ಶಾಟ್ (ಆ ಹೊತ್ತಿನ ಡೇಟಾದ ನಕಲು) ಕಾಪಾಡಿತು. ವರದಿಯಲ್ಲಿ ಆ ಎಂಜಿನಿಯರ್ ಹೆಸರಿಲ್ಲ. ‘ಯಾರು ಮಾಡಿದರು’ ಅನ್ನುವುದನ್ನು ಬಿಟ್ಟು, ‘ಬ್ಯಾಕಪ್ ಕೆಲಸ ಮಾಡುತ್ತಿಲ್ಲ ಅಂತ ನಮಗೆ ಯಾಕೆ ಗೊತ್ತಾಗಲಿಲ್ಲ’ ಅಂತ ಕೇಳಿಕೊಂಡಿದ್ದಾರೆ. ನಿಮ್ಮ ಸೋಲನ್ನೂ ಈ ಧಾಟಿಯಲ್ಲಿ ಹೇಳಿ. ‘ಜೂನಿಯರ್ ಹುಡುಗ ತಪ್ಪು ಮಾಡಿದ’ ಅಂತ ಶುರು ಮಾಡಿದರೆ ನಾನು ಅಲ್ಲೇ ಕೇಳುವುದನ್ನು ನಿಲ್ಲಿಸುತ್ತೇನೆ.

ಕೊನೆಯಲ್ಲಿ ‘ನಿಮಗೇನಾದರೂ ಕೇಳುವುದಿದೆಯಾ?’ ಅಂತಾರಲ್ಲ, ಅಲ್ಲಿ ದಯವಿಟ್ಟು ಕ್ಯಾಂಟೀನ್ ಬಗ್ಗೆ, ವರ್ಕ್ ಫ್ರಂ ಹೋಮ್ ಬಗ್ಗೆ ಕೇಳಬೇಡಿ. ಅದನ್ನು ಎಚ್‌ಆರ್ ಹತ್ತಿರ ಕೇಳಿದರಾಯಿತು. ಬೆಂಗಳೂರಿನಲ್ಲಿ ವಿದೇಶಿ ಕಂಪನಿಗಳ ಜಿಸಿಸಿಗೆ (ಅವರು ಇಲ್ಲಿ ನಡೆಸುವ ಸ್ವಂತ ಕೇಂದ್ರಕ್ಕೆ) ಹೋಗುವವರು ಒಂದು ವಿಷಯ ಬಾಯಿಬಿಟ್ಟು ಕೇಳಲೇಬೇಕು: ಏನು ಕಟ್ಟಬೇಕು ಅನ್ನುವ ತೀರ್ಮಾನ ಇಲ್ಲಿ ಆಗುತ್ತದಾ, ಅಲ್ಲಿ ಆಗುತ್ತದಾ? ಹೋದ ವರ್ಷ ಇಲ್ಲಿಂದ ಹೇಳಿ ನಿಲ್ಲಿಸಿದ ಒಂದು ಪ್ರಾಜೆಕ್ಟ್ ಹೇಳಿ ಅಂತ ಕೇಳಿ. ತಡಬಡಾಯಿಸಿದರೆ ತಿಳಿದುಕೊಳ್ಳಿ. ಕಾರ್ಡಿನ ಮೇಲೆ ಡೈರೆಕ್ಟರ್, ಕೆಲಸ ಮಾತ್ರ ರಾತ್ರಿ ಕಾಲ್‌ನಲ್ಲಿ ಹೇಳಿದ್ದನ್ನು ಬೆಳಿಗ್ಗೆ ಹಂಚುವುದು. ಈ ಹುದ್ದೆ ಯಾಕೆ ಖಾಲಿಯಾಯಿತು, ಮೊದಲಿದ್ದವರು ಎಲ್ಲಿಗೆ ಹೋದರು ಅಂತಲೂ ಕೇಳಿ. ನೋಟಿಸ್ ಪೀರಿಯಡ್ 90 ದಿನ ಇದ್ದರೆ ಮೊದಲ ಕಾಲ್‌ನಲ್ಲೇ ಹೇಳಿಬಿಡಿ, ಕೊನೆಗೆ ಬಚ್ಚಿಟ್ಟು ತೆಗೆಯಬೇಡಿ.

ದಾವಣಗೆರೆಯ ನಮ್ಮ ಗೆಳೆಯರು ಆ ಪ್ರಿನ್ಸಿಪಾಲ್ ಕೆಲಸದಲ್ಲಿ ನಾಲ್ಕನೇ ಸುತ್ತಿಗೆ ನಿಂತರು. ಬೇಜಾರಾಗಿದ್ದರು, ಆದರೆ ಏಳು ಪುಟ ಪೂರ್ತಿ ಬರೆದಿದ್ದಾರೆ. ಈಗ ಇನ್ನೊಂದು ಕಡೆ ಕೊನೆಯ ಸುತ್ತು. ಸಿಯಾಟಲ್‌ನಲ್ಲಿ ಬೆಳಿಗ್ಗೆ 9, ಇಲ್ಲಿ ರಾತ್ರಿ 9:30. ನಿನ್ನೆ ಮೆಸೇಜ್ ಹಾಕಿದ್ದರು: ‘ಸರ್, ಸಂಜೆ ಮೇನ್ ಸ್ವಿಚ್ ಆಫ್ ಮಾಡಿ ಯುಪಿಎಸ್ ಟೆಸ್ಟ್ ಮಾಡಿದೆ. ಎರಡು ಗಂಟೆ ಬರುತ್ತೆ ಅಂತ ಅಂದ್ಕೊಂಡಿದ್ದೆ, 25 ನಿಮಿಷಕ್ಕೆ ಹೋಯ್ತು. ನಾಳೆ ಬ್ಯಾಟರಿ ಬದಲಾಯಿಸ್ತೀನಿ.’